ಅಜ್ಜಂಪುರದ ಅನಸ್ತಿತ್ವ: ಒಂದು ಪೈಥಾನೀಯ ಅಧ್ಯಯನ

ಸಮಾಜಶಾಸ್ತ್ರಜ್ಞರು ಪ್ರೋಗ್ರಾಮಿಂಗ್ ಕಲಿಯಬೇಕೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬೇಡವೆನ್ನುವವರು ಎಂ.ಎನ್. ಶ್ರೀನಿವಾಸರನ್ನು ಮುಂದಿಡುತ್ತಾರೆ. 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಅವರು ಬಿಡಾರ ಹೂಡಿ ಕಲೆಹಾಕಿದ್ದನ್ನು ಸಂಸ್ಕರಿಸಿ ಬರೆದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫೋರ್ಡಿನಲ್ಲಿ ಕಿಡಿಗೇಡಿಗಳ ಬೆಂಕಿಗೆ ಆಹುತಿಯಾದವು. ನೆನಪನ್ನೇ ನೆಚ್ಚಿ ಅವರು ಬರೆದ ಪುಸ್ತಕ 1976ರಲ್ಲಿ ಬಂದು ಜಗತ್ಪ್ರಸಿದ್ಧವಾಯಿತು. ಬ್ಯಾಕಪ್ ಇದ್ದಿದ್ದರೆ ಆ ಪುಸ್ತಕವೇ ಹುಟ್ಟುತ್ತಿರಲಿಲ್ಲ ಎಂಬುದು ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ಅವರಷ್ಟು ನೆನಪು ನಮಗಿಲ್ಲ, ತಿಂಗಳುಗಟ್ಟಲೆ ಹಳ್ಳಿಯಲ್ಲಿ ಕೂರಲು ರಜೆಯೂ ಇಲ್ಲ. ಆದ್ದರಿಂದ ಪೈಥಾನ್.

ಅಧ್ಯಯನ ಕ್ಷೇತ್ರ: ಕಡೂರು, ತರೀಕೆರೆ, ಅಜ್ಜಂಪುರ. ಅಧ್ಯಯನ ವಿಧಾನ: ಕುರ್ಚಿ ಬಿಟ್ಟು ಏಳದಿರುವುದು.

ವೆಬ್ ಪುಟದೊಳಗಿನ ಕೋಷ್ಟಕವನ್ನು ಬಿಡಿಸಿಕೊಳ್ಳಲು ‘ಬ್ಯೂಟಿಫುಲ್ ಸೂಪ್’ ಎಂಬ ಲೈಬ್ರರಿ ಉಂಟು. ಗ್ರಂಥಾಲಯ ವಿಜ್ಞಾನದವರು ಇದರ ಮೇಲೆ ಹಕ್ಕು ಸಾಧಿಸಲು ಬಂದಿದ್ದರು. ಒಳಗೆ ಪುಸ್ತಕಗಳಿಲ್ಲವೆಂದು ತಿಳಿದು ಮರಳಿದರು. ಸರ್ವರಿಗೆ ಎಡೆಬಿಡದೆ ಕೋರಿಕೆ ಕಳಿಸಿದರೆ ಅದು 429, ಅಂದರೆ ‘ಕೋರಿಕೆ ಅತಿಯಾಯಿತು’, ಎಂದು ಉತ್ತರಿಸುತ್ತದೆ. ಹೊತ್ತು ಗೊತ್ತಿಲ್ಲದೆ ಪದೇಪದೇ ಬಾಗಿಲು ತಟ್ಟುವ ನೆಂಟನಿಗೆ ಒಳಗಿನಿಂದ “ಯಜಮಾನ್ರು ಮನೇಲಿಲ್ಲ” ಎಂದ ಹಾಗೆ. ನುಡಿ ಫಾಂಟಿನ ಹಳೆಯ ಪಿಡಿಎಫ್‌ಗಳಿಂದ ಕಿತ್ತ ಕನ್ನಡವಂತೂ ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳಾಗಿ ಬಂತು. ಅದನ್ನು ಅಜ್ಞಾತ ಲಿಪಿಯೆಂದು ವರ್ಗೀಕರಿಸಿ ಶಾಸನ ವಿಭಾಗಕ್ಕೆ ಕಳಿಸಲಾಗಿದೆ.

ಮೊದಲ ಪ್ರಯೋಗ ತರೀಕೆರೆಯ ಅಡಿಕೆ ಧಾರಣೆಯ ಮೇಲೆ. ರಾಶಿ, ಇಡಿ ಮುಂತಾದ ಬಗೆಗಳಿಗೆ ಕ್ವಿಂಟಾಲಿನ ಕನಿಷ್ಠ, ಗರಿಷ್ಠ ದರಗಳು ಸಾಲುಸಾಲಾಗಿ ಇಳಿದವು. ಖಾಲಿ ಇದ್ದ ಕಡೆಯೆಲ್ಲ ಸೊನ್ನೆ ತುಂಬುವಂತೆ ಒಂದು ಸಾಲು ಕೋಡ್ ಬರೆದೊಡನೆ ಅಪೂರ್ವ ಸತ್ಯವೊಂದು ಗೋಚರಿಸಿತು: ವಾರಕ್ಕೊಮ್ಮೆ, ತಪ್ಪದೆ, ಅಡಿಕೆಯ ಬೆಲೆ ಶೂನ್ಯಕ್ಕಿಳಿದು ಮರುದಿನ ಮೇಲೇಳುತ್ತದೆ. ‘ಭಾನುವಾರದ ಮಹಾಕುಸಿತ’ವೆಂದು ಇದಕ್ಕೆ ನಾಮಕರಣ ಮಾಡಿದ್ದೇವೆ. “ಸಾರ್, ಭಾನ್ವಾರ ಮಂಡಿ ಬಾಗ್ಲೇ ತೆಗೆಯಲ್ಲ” ಎಂದು ಗುಮಾಸ್ತರೊಬ್ಬರು ಫೋನಿನಲ್ಲಿ ಹೇಳಿದರು. ಅವರು ಪಿಎಚ್.ಡಿ. ಮಾಡಿದವರಲ್ಲ.

ಇನ್ನು ಕಡೂರು. ಬಿ.ಎಲ್. ರೈಸ್ ಅವರ ಶಾಸನ ಸಂಪುಟಮಾಲೆಯಲ್ಲಿ 1901ರ ಆರನೆಯ ಸಂಪುಟ ‘ಕಡೂರು ಜಿಲ್ಲೆ’ಯದು. ಇಂದಿನ ದತ್ತಾಂಶದಲ್ಲಿ ಕಡೂರು ಚಿಕ್ಕಮಗಳೂರು ಜಿಲ್ಲೆಯ ಒಂದು ತಾಲ್ಲೂಕು ಮಾತ್ರ. ಎರಡನ್ನೂ ಹೆಸರಿನ ಆಧಾರದ ಮೇಲೆ ಜೋಡಿಸಿದಾಗ ಮಲೆನಾಡಿನ ಶೃಂಗೇರಿ, ಕೊಪ್ಪಗಳೂ ಬಯಲುಸೀಮೆಯ ಕಡೂರಿನ ಖಾತೆಗೆ ಬಂದು ಬಿದ್ದವು. ಆಮೇಲೆ ಬಿಸಿಲಿಗೆ ಊರು ಕುಗ್ಗಿತೆಂಬುದು ನಮ್ಮ ಊಹೆ.

ಆದರೆ ಈ ಪ್ರಬಂಧದ ಮುಕುಟಮಣಿ ಅಜ್ಜಂಪುರ. 2011ರ ಜನಗಣತಿಯ ತಾಲ್ಲೂಕು ಪಟ್ಟಿಯಲ್ಲಿ ಕೋಡ್ ಎಷ್ಟು ತಡಕಾಡಿದರೂ ಆ ಹೆಸರಿಲ್ಲ; ಆದ್ದರಿಂದ ಆ ಊರೂ ಇರಲಿಲ್ಲ. ಅದಾಗ ತರೀಕೆರೆ ತಾಲ್ಲೂಕಿನೊಳಗಿತ್ತು, ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ ಎಂಬ ಸ್ಥಳೀಯ ಐತಿಹ್ಯವಿದೆ. ಸಿಎಸ್‌ವಿ ರೂಪದಲ್ಲಿ ಲಭ್ಯವಿಲ್ಲದ್ದರಿಂದ ಪರಿಗಣಿಸಿಲ್ಲ. ಅಲ್ಲಿನ ಅಮೃತ್ ಮಹಲ್ ತಳಿ ಕೇಂದ್ರದ ದನಗಳ ಪರಂಪರೆ ಮೈಸೂರು ಅರಸರ ಕಾಲಕ್ಕೆ ಹೋಗುತ್ತದೆಂಬ ಆಕ್ಷೇಪಕ್ಕೆ ಉತ್ತರ ಸುಲಭ: ದನಗಳಿದ್ದವು, ಊರಿರಲಿಲ್ಲ. “ಊರೇ ಇರ್ಲಿಲ್ಲ ಅಂದ್ರೆ ನಾವೆಲ್ಲಿ ಹುಟ್ಟಿದ್ದು ಸ್ವಾಮಿ?” ಎಂದು ಹಿರಿಯರೊಬ್ಬರು ಕೇಳಿದರು. ತರೀಕೆರೆ ತಾಲ್ಲೂಕಿನಲ್ಲಿ ಎಂದು ಕಂಪ್ಯೂಟರ್ ನೋಡಿ ತಿಳಿಸಿದೆವು. ಅವರು ಫೋನಿಟ್ಟರು.

ಅಡ್ಡಿಯೊಂದು ಉಳಿದಿದೆ. ನಮ್ಮ ಸಹಾಯಕ ವಿದ್ಯಾರ್ಥಿ ಬೀರೂರು ಜಂಕ್ಷನ್ನಿನಲ್ಲಿ ಅಜ್ಜಂಪುರಕ್ಕೆ ಟಿಕೆಟ್ ಕೇಳಿದ, ಕೊಟ್ಟುಬಿಟ್ಟರು. ಹೋಗಿ ಇಳಿದು, ಮಂಡಕ್ಕಿ-ಮೆಣಸಿನಕಾಯಿ ತಿಂದು, ಸ್ಟೇಷನ್ನಿನ ಬೋರ್ಡಿನ ಕೆಳಗೆ ನಿಂತು ಫೋಟೊ ಕಳಿಸಿದ್ದಾನೆ. ಫೋಟೊದೊಳಗಿನ ಅಕ್ಷರ ಓದುವ ಲೈಬ್ರರಿ ಬೇರೆಯೇ ಇದೆಯಂತೆ. ಅದರ ತರಬೇತಿಗಾಗಿ ಅನುದಾನ ಕೋರಲಾಗಿದೆ.