ಪುಕ್ಕಟೆ ಮಜ್ಜಿಗೆ ಒಲ್ಲೆನೆಂದವನು

ಬಾದಾಮಿ ಹಾಲಿನ ಡಬ್ಬ ಕೊಳ್ಳಬಲ್ಲ ವೀಗನ್‌ಗಳ ಬಗ್ಗೆ ಬರೆಯಲು ಇಂಗ್ಲಿಷ್ ಪತ್ರಿಕೆಗಳ ಭಾನುವಾರದ ಪುರವಣಿಗಳಿವೆ. ನನ್ನ ಪ್ರೀತಿಯ ವೀಗನ್ ಬೇರೆ. ಅವನಿರುವುದು ಹನುಮಂತನಗರದ ಕಡೆ, ಮೂರನೇ ಮಹಡಿಯ ಶೀಟ್ ಮನೆಯಲ್ಲಿ. ಸಂಬಳದಲ್ಲಿ ಅರ್ಧ ಬಾಡಿಗೆಗೆ ಹೋಗಿ, ಒಂದು ಪಾಲು ಊರಿಗೆ ಹೋಗಿ, ಉಳಿದ ಚಿಲ್ಲರೆಯಲ್ಲಿ ಹಸುವಿಗೆ ನ್ಯಾಯ ಕೊಡಿಸಲು ಹೊರಟಿದ್ದಾನೆ. ನಿಮ್ಮ ಬೀದಿಯಲ್ಲೂ ಒಬ್ಬ ಇದ್ದೇ ಇರುತ್ತಾನೆ. ಬೆಳಗ್ಗೆ ಆರಕ್ಕೆ ಹಾಲಿನ ಬೂತಿನ ಮುಂದೆ ಏನೂ ಕೊಳ್ಳದೆ ನಿಂತು, ಕೊಳ್ಳುವವರನ್ನು ಕನಿಕರದಿಂದ ನೋಡುವವನೇ ಅವನು.

ಅಡುಗೆಯ ಖರ್ಚು ಅವನಿಗೆ ಸಮಸ್ಯೆಯಲ್ಲ. ಮುದ್ದೆಗೆ ಹುರುಳಿ ಕಟ್ಟಿನ ಸಾರು, ಕಟ್ಟು ಬಸಿದ ಕಾಳಿನದೇ ಪಲ್ಯ, ರೊಟ್ಟಿಗೆ ಹುಚ್ಚೆಳ್ಳು ಚಟ್ನಿಪುಡಿ, ಸಂಜೆ ಮಾರ್ಕೆಟ್ ಮುಚ್ಚುವ ಹೊತ್ತಿಗೆ ಅರ್ಧ ಬೆಲೆಗೆ ಸಿಗುವ ದಂಟಿನ ಸೊಪ್ಪು. ‘ಹಾಲಿಲ್ಲದೆ ಕ್ಯಾಲ್ಸಿಯಂ ಎಲ್ಲಿಂದಪ್ಪಾ?’ ಎಂದು ಯಾರಾದರೂ ಕೇಳಲಿ ಎಂದೇ ಕಾದಿರುತ್ತಾನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು ಎಂದು ಮಗ್ಗಿಯಂತೆ ಒಪ್ಪಿಸುತ್ತಾನೆ. ಊರಿಗೆ ಹೋದಾಗ ಅಜ್ಜಿಗೂ ಪಾಠ ಮಾಡಿದ್ದಾನೆ. 1944ರಲ್ಲಿ, ಯುದ್ಧದ ರೇಷನ್ ಕಾಲದ ಇಂಗ್ಲೆಂಡಿನಲ್ಲಿ, ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಮೇಷ್ಟ್ರು ಹಾಲು, ಮೊಟ್ಟೆ ಎರಡನ್ನೂ ಬಿಟ್ಟವರ ಸಂಘ ಕಟ್ಟಿದ ಕಥೆ. ಅಜ್ಜಿ ಪೂರ್ತಿ ಕೇಳಿ, ‘ಪಾಪ, ಆ ಮೇಷ್ಟ್ರಿಗೆ ಮುದ್ದೆ ಮಾಡಿ ಹಾಕೋರು ಯಾರಿದ್ರೋ’ ಎಂದರಂತೆ.

ಅವನ ಬಜೆಟ್ಟು ಕುಸಿಯುವುದು ಕೊಳ್ಳುವುದರಲ್ಲಲ್ಲ, ಬಿಟ್ಟಿ ಸಿಗುವುದರಲ್ಲಿ. ಈ ಊರಿನಲ್ಲಿ ಪುಕ್ಕಟೆಯಾಗಿ ಬರುವುದೆಲ್ಲ ಹಸುವಿನ ಕಡೆಯಿಂದಲೇ ಬರುತ್ತದೆ. ಆಫೀಸಿನಲ್ಲಿ ದಿನಕ್ಕೆರಡು ಬಾರಿ ಬರುವ ಚಹಾ. ಯಾರಿಗೋ ಪ್ರಮೋಷನ್ ಆದರೆ ಮೈಸೂರ್ ಪಾಕ್. ದೇವಸ್ಥಾನಕ್ಕೆ ಹೋದರೆ ಅಂಗೈಗೆ ಪಂಚಾಮೃತ. ಅದರಲ್ಲಂತೂ ಹಾಲು, ಮೊಸರು, ತುಪ್ಪ, ಜೇನುತುಪ್ಪ ನಾಲ್ಕೂ ಅವನಿಗೆ ವರ್ಜ್ಯ, ಸಕ್ಕರೆ ಒಂದೇ ಗತಿ. ಪಕ್ಕದ ಮನೆಯವರು ಪ್ರೀತಿಯಿಂದ ತಂದ ಶಾವಿಗೆ ಪಾಯಸವನ್ನು ಬೇಡವೆಂದ ಮೇಲೆ ಅವರು ನೀರಿನ ಮೋಟಾರು ಹಾಕುವಾಗ ಇವನನ್ನು ಎಬ್ಬಿಸುವುದನ್ನೂ ಬಿಟ್ಟರು. ಬಡವನಿಗೆ ತತ್ವ ದುಬಾರಿಯಾಗುವುದು ಇಂಥ ಕಡೆ.

ದರ್ಶಿನಿಯಲ್ಲಿ ಅವನನ್ನು ನೋಡಬೇಕು. ಕೂಪನ್ ಹಿಡಿದು ಕೌಂಟರಿನ ಮೇಲೆ ಬಗ್ಗಿ ಕೇಳುತ್ತಾನೆ: ‘ಖಾರಾಬಾತಿಗೆ ತುಪ್ಪ ಹಾಕಿದೀರಾ?’

ಅಡುಗೆಯವನಿಗೆ ಇದು ಮರ್ಯಾದೆಯ ಪ್ರಶ್ನೆ. ‘ಏನ್ ಸಾರ್ ಹಿಂಗಂತೀರಾ, ಪ್ಯೂರ್ ತುಪ್ಪ, ಡಾಲ್ಡಾ ಮುಟ್ಟಲ್ಲ ನಾವು!’

‘ಡಾಲ್ಡಾ ಆಗಿದ್ರೆ ತಿಂತಿದ್ದೆ.’

ಅಡುಗೆಯವನು ಸೌಟು ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಕೊನೆಗೆ ಇಡ್ಲಿ, ಕಾಯಿಚಟ್ನಿ. ರವೆ ಇಡ್ಲಿ ಕೂಡದು, ಅದರಲ್ಲಿ ಮೊಸರಿದೆ. ಆಮೇಲೆ ಹಾಲಿಲ್ಲದ ಕಾಫಿ ಕೇಳಿ, ಹಾಲು ಕಳೆದು ರೇಟು ಹೇಳಿ ಎಂದು ಕ್ಯಾಷಿಯರ್ ಹತ್ತಿರ ವಾದಕ್ಕಿಳಿಯುತ್ತಾನೆ. ಹಿಂದೆ ನಿಂತ ಸಾಲು ಗೊಣಗುತ್ತದೆ. ವಾದ ನ್ಯಾಯವಾದದ್ದೇ, ಆದರೆ ಬೆಂಗಳೂರಿನ ಯಾವ ಕ್ಯಾಷಿಯರೂ ಇದುವರೆಗೆ ಸೋತದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಅವನು ಪಂಚಾಂಗ ಓದಲು ಕಲಿತಿದ್ದಾನೆ. ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೆ, ಹಬ್ಬಗಳಲ್ಲಿ ಮಾತ್ರ ಅಚಲ ಶ್ರದ್ಧೆ. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಒಂದು ಹನಿ ಹಾಲಿಲ್ಲ. ಅಂದು ಪಾಯಸದ ಮನೆಯೂ ಸೇರಿ ಇಡೀ ಬೀದಿಯನ್ನು ಮಾತಾಡಿಸಿಕೊಂಡು ಬರುತ್ತಾನೆ. ರಾಮನವಮಿಯ ಪೆಂಡಾಲಿನಲ್ಲಿ ಪಾನಕ, ಕೋಸಂಬರಿ ಎರಡೆರಡು ಸಲ, ಮಜ್ಜಿಗೆಯ ಲೋಟ ಕಂಡರೆ ಮುಖ ಆ ಕಡೆ. ನವರಾತ್ರಿಯಲ್ಲಿ ಬೊಂಬೆ ಕೂರಿಸಿದ ಮನೆಗಳಿಗೆ ಮಕ್ಕಳ ಹಿಂದೆ ತಾನೂ ಹೋಗಿ, ದಶಾವತಾರದ ಮೆಟ್ಟಿಲನ್ನು ಭಕ್ತಿಯಿಂದ ನೋಡುತ್ತಾ ಕಡಲೆ ಉಸಲಿಗೆ ಕೈ ಒಡ್ಡುತ್ತಾನೆ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಅವನಿಗೆ ವರ್ಷದ ವ್ಯಾಪಾರ. ಚೀಲ ಹೊತ್ತು ತಂದು, ಬಿಸಿಲಿಗೆ ಹಾಕಿ, ಆಮೇಲೆ ತಿಂಗಳುಗಟ್ಟಲೆ ಕಡಲೆಬೀಜದ ಹಾಲು ತೆಗೆಯುತ್ತಾನೆ. ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ, ರುಬ್ಬಿ, ಹಳೆಯ ಪಂಚೆಯಲ್ಲಿ ಹಿಂಡಿ, ಕಾಯಿಸಿ, ಬೆಚ್ಚಗಿರುವಾಗ ನಾಲ್ಕು ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಡುತ್ತಾನೆ. ಬೆಳಗ್ಗೆ ಅದು ಮೊಸರಾಗಿರುತ್ತದೆ. ಕನಿಷ್ಠ ಅವನ ಅಭಿಪ್ರಾಯದಲ್ಲಿ. ನಾನೂ ಅದರಲ್ಲಿ ಅನ್ನ ಕಲಸಿ ತಿಂದಿದ್ದೇನೆ. ಒಗ್ಗರಣೆ ಚೆನ್ನಾಗಿತ್ತು. ಹಿಂಡಿ ಉಳಿದ ಚರಟಕ್ಕೆ ಬೆಳ್ಳುಳ್ಳಿ, ಒಣಮೆಣಸು ಸೇರಿಸಿ ಮಾಡಿದ ಚಟ್ನಿ ಮಾತ್ರ ಮೊಸರಿಗಿಂತ ನೂರು ಪಾಲು ಮೇಲು. ಇದನ್ನು ಹೇಳಿದರೆ ಅವನಿಗೆ ಬೇಸರವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅವನು ಜಿಪುಣತನ ಮಾಡುವುದಿಲ್ಲ. ಬಿ12 ಸೊಪ್ಪು ಕಾಳುಗಳಿಂದ ಸಿಗುವುದಿಲ್ಲ, ಅದಕ್ಕೆ ಮಾತ್ರೆಯೇ ಬೇಕು ಎಂಬುದನ್ನು ಒಪ್ಪಿಕೊಂಡು ತಪ್ಪದೆ ನುಂಗುತ್ತಾನೆ. ಸಗಣಿ ಗೊಬ್ಬರದ ಸೊಪ್ಪಿನಿಂದಲೇ ಎಲ್ಲಾ ಬರುತ್ತದೆ ಎಂದು ವಾದಿಸುವ ಶ್ರೀಮಂತ ವೀಗನ್‌ಗಳಿಗಿಂತ ಈ ಲೆಕ್ಕದಲ್ಲಿ ಅವನೇ ಜಾಣ.

ಇಂಥವನೊಬ್ಬ ನಿಮ್ಮ ಬೀದಿಯಲ್ಲಿದ್ದರೆ ಒಂದು ದಿನ ಊಟಕ್ಕೆ ಕರೆಯಿರಿ. ವಿಶೇಷ ಅಡುಗೆ ಬೇಡ, ಸಾರಿನ ಒಗ್ಗರಣೆಯನ್ನು ಎಣ್ಣೆಯಲ್ಲಿ ಹಾಕಿ ತುಪ್ಪದ ಗಿಂಡಿಯನ್ನು ಅವನ ಎಲೆಯಿಂದ ಮೊಳ ದೂರ ಇಟ್ಟರೆ ಸಾಕು. ಮುದ್ದೆ ಮಾತ್ರ ಎರಡು ಹೆಚ್ಚಿಗೆ ಕಟ್ಟಿಡಿ.