ಬೋನಸ್ ಇಲ್ಲದ ಪಾಲಿಸಿ

ಮನುಷ್ಯನ ದೇಹದಲ್ಲಿ ಹಲ್ಲು ಮತ್ತು ಕಣ್ಣು ಸೇರುವುದಿಲ್ಲ. ಇದು ವೇದಾಂತವಲ್ಲ, ಅಮೆರಿಕದ ಆರೋಗ್ಯ ವಿಮೆಯ ಸಿದ್ಧಾಂತ. 19 ತುಂಬುವವರೆಗೆ ಮಕ್ಕಳ ಹಲ್ಲು, ಕಣ್ಣುಗಳನ್ನು ಅಲ್ಲಿನ ಕಾನೂನು ಅಗತ್ಯ ಸೌಲಭ್ಯದೊಳಗೆ ಸೇರಿಸಿದೆ. ಎಂ.ಎಸ್. ಮಾಡಲು ಹೋಗುವ ಗಡ್ಡ ಬಂದ ಹುಡುಗರ ದವಡೆಗೆ ಸಾಮಾನ್ಯವಾಗಿ ಬೇರೆಯದೇ ಪಾಲಿಸಿ ಬೇಕು. ಈ ಗುಟ್ಟು ಮೈಸೂರಿನ ದಂತವೈದ್ಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಜುಲೈ ಬಂತೆಂದರೆ ಅವರ ಕುರ್ಚಿಯಲ್ಲಿ ವೀಸಾ ಸಿಕ್ಕ ಮಕ್ಕಳೇ ಬಾಯಿ ತೆರೆದುಕೊಂಡು ಮಲಗಿರುತ್ತಾರೆ. ತಂಟೆ ಮಾಡದ ಬುದ್ಧಿಹಲ್ಲನ್ನೂ "ಯಾವುದಕ್ಕೂ ಇರಲಿ" ಎಂದು ಕೀಳಿಸಿಕೊಂಡು, ಜಾಸ್ತಿ ಎರಡು ಜೊತೆ ಕನ್ನಡಕ ಮಾಡಿಸಿಕೊಂಡು ನಾನೂ ವಿಮಾನ ಹತ್ತಿದೆ.

ಹಲ್ಲು, ಕಣ್ಣು ಕಳೆದು ಉಳಿದ ದೇಹಕ್ಕೆ ವಿಶ್ವವಿದ್ಯಾಲಯ ವರ್ಷಕ್ಕೆ 2,500 ಡಾಲರ್ ಕಟ್ಟಿಸಿಕೊಂಡಿತು. ನನ್ನಂಥ ಎಫ್-1 ವೀಸಾದವರಿಗೆ ವಿಮೆ ಕಡ್ಡಾಯ ಮಾಡುವುದು ಓದುವ ಸಂಸ್ಥೆ. ಜೆ-1 ವೀಸಾದವರಿಗಾದರೆ ಸರ್ಕಾರವೇ ಕನಿಷ್ಠ ಇಷ್ಟಿರಬೇಕೆಂದು ಪಟ್ಟಿ ಹಾಕಿದೆ: ಒಂದು ಕಾಯಿಲೆಗೋ ಅಪಘಾತಕ್ಕೋ 1,00,000 ಡಾಲರ್, ರೋಗಿಯನ್ನು ಸ್ವದೇಶಕ್ಕೆ ಸಾಗಿಸಲು 50,000, ಸತ್ತರೆ ಹೆಣ ಕಳಿಸಲು 25,000. ನನ್ನ ಪಾಲಿಸಿಯಲ್ಲೂ ಇದೇ ಲೆಕ್ಕ ಇತ್ತು. ಅದನ್ನು ವಿಡಿಯೋ ಕಾಲಿನಲ್ಲಿ ಗಟ್ಟಿಯಾಗಿ ಓದಿದೆ.

"ಥೂ, ಬಿಡ್ತು ಅನ್ನೋ!" ಎಂದು ಅಮ್ಮ ಕಿರುಚಿದಳು.

ಅಪ್ಪನ ತಲೆ ಬೇರೆ ಕಡೆ ಓಡುತ್ತಿತ್ತು. "ಅಲ್ಲ ಕಣೋ, ಬದುಕಿದ್ದವನಿಗೆ ಐವತ್ತು, ಹೆಣಕ್ಕೆ ಇಪ್ಪತ್ತೈದು. ಹಾಫ್ ಟಿಕೆಟ್ಟಾ?"

ಅಪ್ಪ ಎಲ್‌ಐಸಿ ನಂಬಿ ಸಂಸಾರ ನಡೆಸಿದವರು. ಅಕ್ಕನ ಮದುವೆ, ಮನೆಯ ಮಹಡಿ ಎರಡೂ ಎಂಡೋಮೆಂಟ್ ಪಾಲಿಸಿಯ ದುಡ್ಡು ಕೈಸೇರಿದ ವರ್ಷಗಳಲ್ಲೇ ಆದವು. "ಮೆಚ್ಯೂರಿಟಿ ಯಾವಾಗ?" ಎಂದರು. ಇಲ್ಲ ಎಂದೆ. "ಬೋನಸ್ಸು?" ಅದೂ ಇಲ್ಲ. "ಕಾಯಿಲೆ ಬೀಳದೇ ಇದ್ದರೆ?" ಕಟ್ಟಿದ್ದು ಹೋಯಿತು. "ಬಿದ್ದರೆ?" ಮೊದಲ 500 ಡಾಲರ್ ನಮ್ಮ ಕೈಯಿಂದ, ಅದರ ಮೇಲಾದ ಖರ್ಚಿನಲ್ಲೂ ನೂರಕ್ಕೆ ಇಪ್ಪತ್ತು ನಮ್ಮದೇ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರೆ, ಕಾಯಿಲೆ ಬೀಳೋಕೂ ಯೋಗ್ಯತೆ ಬೇಕು ಅನ್ನು."

ಆ ಯೋಗ್ಯತೆ ಎಷ್ಟು ಬೇಕೆಂದು ತಿಳಿದದ್ದು ನನ್ನ ರೂಮ್‌ಮೇಟ್, ಗುಂಟೂರಿನ ಹುಡುಗ, ಪಾರ್ಕಿಂಗ್ ಲಾಟಿನಲ್ಲಿ ಕ್ರಿಕೆಟ್ ಆಡುತ್ತಾ ಕಾಲು ಉಳುಕಿಸಿಕೊಂಡ ದಿನ. ಪಾದ ನೆಲಕ್ಕೆ ಊರಲಾಗದೆ ಕೂತಿದ್ದ. ಕನಿಕರಪಟ್ಟ ಪಕ್ಕದ ಮನೆಯ ಅಜ್ಜಿ ಆಂಬುಲೆನ್ಸ್ ಕರೆಯಲು ಫೋನ್ ತೆಗೆದರೋ ಇಲ್ಲವೋ, "ನೋ ನೋ, ಐಯಾಮ್ ಫೈನ್!" ಎಂದು ಎದ್ದು ನಿಂತೇಬಿಟ್ಟ. ಅವನ ಭಯಕ್ಕೂ ಆಧಾರವಿತ್ತು. ವಿಮಾ ಕಂಪನಿಯ ಜೊತೆ ಒಪ್ಪಂದವಿಲ್ಲದವರು ತುರ್ತು ಚಿಕಿತ್ಸೆಗೆ ದಿಢೀರ್ ಬಿಲ್ ಕಳಿಸದಂತೆ ಅಮೆರಿಕದಲ್ಲಿ 2022ರಿಂದ ನೋ ಸರ್ಪ್ರೈಸಸ್ ಆಕ್ಟ್ ಜಾರಿಯಲ್ಲಿದೆ. ಹೆಲಿಕಾಪ್ಟರ್ ಆಂಬುಲೆನ್ಸ್ ಅದರೊಳಗಿದೆ, ರಸ್ತೆಯ ಮೇಲೆ ಓಡುವ ಆಂಬುಲೆನ್ಸ್ ಇಲ್ಲ. ಕಣಕಾಲಿಗೆ ಹೆಲಿಕಾಪ್ಟರ್ ಯಾರೂ ಕಳಿಸುವುದಿಲ್ಲವಾಗಿ ಊಬರ್ ಕರೆದೆವು. ಅದಕ್ಕೂ ಮುಂಚೆ ಅವನು ಕಾಲು ಹಿಡಿದುಕೊಂಡು, ನಾನು ಫೋನ್ ಹಿಡಿದುಕೊಂಡು, ನಮ್ಮ ಕಂಪನಿಯ ನೆಟ್‌ವರ್ಕಿನಲ್ಲಿರುವ ಅರ್ಜೆಂಟ್ ಕೇರ್ ಯಾವುದೆಂದು ಅರ್ಧ ಗಂಟೆ ಹುಡುಕಿದ್ದಾಯಿತು.

ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಕೆಲವು ದಿನ ಬಿಟ್ಟು ವಿಮಾ ಕಂಪನಿಯ ಲಕೋಟೆ ಬಂತು. ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಇದು ಬಿಲ್ ಅಲ್ಲ' ಎಂಬ ಇಂಗ್ಲಿಷ್ ಸಾಲು. ಹುಡುಗ ತಿರುಪತಿಯ ದಿಕ್ಕಿಗೆ ಕೈಮುಗಿದ. ಕೆಳಗೊಂದು ಕೋಷ್ಟಕ: ಕ್ಲಿನಿಕ್ ಕೇಳಿದ್ದಿಷ್ಟು, ನಾವು ಒಪ್ಪಿದ್ದಿಷ್ಟು, ನಾವು ಕೊಟ್ಟದ್ದು ಸೊನ್ನೆ, ನೀವು ಕೊಡಬೇಕಾಗಬಹುದಾದದ್ದು ಮಿಕ್ಕಿದ್ದೆಲ್ಲ. ನಿಜವಾದ ಬಿಲ್ಲು ಆಮೇಲೆ ಬಂತು, ಅದೂ ಎರಡು. ಒಂದು ಕ್ಲಿನಿಕ್ಕಿನದು, ಇನ್ನೊಂದು ಎಕ್ಸ್‌ರೇ ನೋಡಿ ವರದಿ ಬರೆದ ರೇಡಿಯಾಲಜಿಸ್ಟರದು. ಆ ಪುಣ್ಯಾತ್ಮನ ಮುಖವನ್ನು ನಾವು ಕಂಡೇ ಇರಲಿಲ್ಲ. "ಏನೂ ಆಗಿಲ್ಲ ಅಂತ ಹೇಳೋದಕ್ಕೇ ಇಷ್ಟಾ?" ಎಂದು ಹುಡುಗ ಒಳ್ಳೇ ಕಾಲನ್ನು ನೆಲಕ್ಕೆ ಬಡಿದ.

ಲಂಡನ್ನಿನಲ್ಲಿ ಓದುವ ಚಿಕ್ಕಪ್ಪನ ಮಗಳು ಇದನ್ನು ಕೇಳಿ ನಕ್ಕಳು. ಅವಳದು ವರ್ಷಕ್ಕೆ 776 ಪೌಂಡಿನ ಸರ್‌ಚಾರ್ಜು. ವೀಸಾ ಅರ್ಜಿಯ ಜೊತೆಗೇ ಪೂರ್ತಿ ಅವಧಿಯದನ್ನು ಕಕ್ಕಬೇಕು. ಆಮೇಲೆ ಡಾಕ್ಟರ ಹತ್ತಿರ ಬಿಲ್ಲಿಲ್ಲ, ಕಾಯುವುದಷ್ಟೇ. ಜರ್ಮನಿಗೆ ಹೋದ ಗೆಳೆಯನಿಗೆ ವಿಮೆಯ ದಾಖಲೆಯಿಲ್ಲದೆ ಪ್ರವೇಶವೇ ಸಿಗಲಿಲ್ಲ. 1883ರಲ್ಲಿ ಬಿಸ್ಮಾರ್ಕ್ ಕಾರ್ಮಿಕರಿಗೆಂದು ಶುರುಮಾಡಿದ ವ್ಯವಸ್ಥೆ ಅದು. ವಿದ್ಯಾರ್ಥಿ ದರ ಮಾತ್ರ 30ರವರೆಗೆ, ಆದ್ದರಿಂದ ನಿಧಾನವಾಗಿ ಪಿಎಚ್‌.ಡಿ. ಮಾಡುವವರು ಅಲ್ಲಿ ಕಾಯಿಲೆಗಿಂತ ಹುಟ್ಟುಹಬ್ಬಕ್ಕೆ ಹೆದರುತ್ತಾರಂತೆ.

ನನ್ನ ಪಾಲಿಸಿಯಲ್ಲೂ ಪುಕ್ಕಟೆಯದೊಂದಿತ್ತು. 2010ರ ಕಾನೂನಿನಂತೆ ಮುಂಜಾಗ್ರತೆಯ ಲಸಿಕೆಗೆ ರೋಗಿ ಕಾಸು ಬಿಚ್ಚಬೇಕಾಗಿಲ್ಲ. ಅಕ್ಟೋಬರಿನಲ್ಲಿ ಕ್ಯಾಂಪಸ್ಸಿನಲ್ಲಿ ಸೂಜಿ ಚುಚ್ಚುತ್ತಾರೆಂದು ಹೇಳಿದ್ದೇ ತಡ, ಅಮ್ಮ ಹುರುಪಾದಳು. "ಅಷ್ಟು ದುಡ್ಡು ಕಟ್ಟಿದೀಯ, ಎರಡೂ ತೋಳಿಗೆ ಹಾಕಿಸ್ಕೊಂಡು ಬಾ." ನರ್ಸಮ್ಮನೂ ಅದನ್ನೇ ಹೇಳಬೇಕೆ! ಒಂದು ತೋಳಿಗೆ ಫ್ಲೂ, ಇನ್ನೊಂದಕ್ಕೆ ಕೋವಿಡ್. ರಾತ್ರಿ ಮೈ ಕಾದು ಕೆಂಡವಾಯಿತು. ಬೆಂಗಳೂರಿನ ಕಂಪನಿಯ ಡೋಲೋ 650 ಒಂದನ್ನು ನುಂಗಿ, ಹೊದ್ದು ಮಲಗಿದೆ. ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು. ಅದಕ್ಕೆ ನೆಟ್‌ವರ್ಕೂ ಬೇಕಾಗಲಿಲ್ಲ, ಲಕೋಟೆಯೂ ಬರಲಿಲ್ಲ.