ನೀತಿಪಾಠದಲ್ಲಿ ‘ಬಿ’

“ಅಲ್ರೀ ಮಾಸ್ತರ್ರ, ನೀತಿಪಾಠದಾಗ ‘ಬಿ’ ಬಂದೈತಿ ಅಂದ್ರ ಏನ್ ತಿಳಕೋಬೇಕ್ರೀ? ನಮ್ಮ ಹುಡುಗ ಸುಳ್ಳು ಹೇಳ್ತಾನೋ, ಕಳವು ಮಾಡ್ತಾನೋ?”

ಬಾಜೂ ಮನೆಯ ಅಕ್ಕಾರು ಬೇಲಿಯ ಮೇಲಿನ ತೊಂಡೆಬಳ್ಳಿ ಸರಿಸಿ ಪ್ರಗತಿ ಪತ್ರವನ್ನು ನನ್ನ ಕೈಗೆ ತುರುಕಿದರು. ಮೊಮ್ಮಗ ಏಳನೇ ಇಯತ್ತೆ, ಕಾನ್ವೆಂಟಿನಲ್ಲಿ. ಗಣಿತದಲ್ಲಿ ‘ಸಿ’ ಇತ್ತು. ಅದರ ಸುದ್ದಿಯನ್ನೇ ಅವರು ತೆಗೆಯಲಿಲ್ಲ. ಗಣಿತ ಅವರ ಮನೆತನದಲ್ಲಿ ಯಾರ ತಲೆಗೂ ಹತ್ತಿದ್ದಿಲ್ಲ, ನೀತಿ ಮಾತ್ರ ಎಲ್ಲರಿಗೂ ಹತ್ತಿದೆ ಎಂಬುದು ಬೆಟಗೇರಿಯ ನಮ್ಮ ಓಣಿ ಒಪ್ಪಿಕೊಂಡ ಸಂಗತಿ.

ನಾನು ಕನ್ನಡಕ ಏರಿಸಿ, ಪೆನ್ಶನ್ ಮಾಸ್ತರನಿಗೆ ತಕ್ಕ ಗತ್ತಿನಲ್ಲಿ ಬಿಡಿಸಿ ಹೇಳಿದೆ. 90ರ ಮೇಲೆ ‘ಎ ಪ್ಲಸ್’, 70ರಿಂದ 89 ‘ಎ’, 50ರಿಂದ 69 ‘ಬಿ ಪ್ಲಸ್’, 30ರಿಂದ 49 ‘ಬಿ’, ಅದಕ್ಕೂ ಕೆಳಗಿದ್ದರೆ ‘ಸಿ’.

“ಅಂದ್ರ ನಮ್ಮ ಹುಡುಗ ನೂರಕ್ಕ ಅರ್ಧದಷ್ಟೂ ಒಳ್ಳೇವ ಅಲ್ಲ ಅಂತಾತು!”

ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಕೆಥೋಲಿಕ್ ಶಾಲೆಗಳಲ್ಲಿ ಇದೊಂದು ಹಳೆಯ ಪದ್ಧತಿ. ಕ್ರೈಸ್ತ ಮನೆಗಳ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋದಾಗ ಉಳಿದವರಿಗೆ ಅದೇ ಹೊತ್ತಿನಲ್ಲಿ ನೀತಿಪಾಠ. ಅದಕ್ಕೊಂದು ಪುಸ್ತಕ, ಒಂದು ನೋಟುಬುಕ್ಕು, ಕೊನೆಗೊಂದು ಗ್ರೇಡು. ಪಾಠ ಒಳ್ಳೆಯದೇ, ನಾನೇ ಓದಿ ನೋಡಿದ್ದೇನೆ. ಹಾಗಾದರೆ ‘ಬಿ’ ಎಲ್ಲಿಂದ ಬಂತು? ಅಜ್ಜಿಯ ಸೆರಗಿನ ಹಿಂದೆ ನಿಂತಿದ್ದ ಹುಡುಗ ತಾನೇ ಬಾಯಿಬಿಟ್ಟ. ಬುಕ್ಕಿಗೆ ಬ್ರೌನ್ ಪೇಪರ್ ಹಾಕಿರಲಿಲ್ಲ. ಲೇಬಲ್ ಹರಿದಿತ್ತು. ಬುಕ್ಕು ಕೊಟ್ಟದ್ದೂ ತಡವಾಗಿ. ಉತ್ತರಗಳೆಲ್ಲ ಸರಿ ಇದ್ದವಂತೆ. ಪ್ರಾಮಾಣಿಕತೆಯ ಮೇಲಿನ ಪ್ರಶ್ನೆಗೆ ಪೂರ್ತಿ ಅಂಕವೂ ಬಿದ್ದಿತ್ತು. ರಟ್ಟಿನ ಲೆಕ್ಕದಲ್ಲಿ ಅದೆಲ್ಲ ಕಡಿತವಾಯಿತು.

ಅವನ ಡೈರಿ ತರಿಸಿ ನೋಡಿದೆ. ಮೊದಲ ಪುಟಗಳ ತುಂಬ ನಿಯಮಗಳು. ಬಿಳಿ ಯೂನಿಫಾರ್ಮಿನ ದಿನ ಬಿಳಿ ಕ್ಯಾನ್ವಾಸ್ ಬೂಟೇ ಆಗಬೇಕು. ರಜೆ ಚೀಟಿಗೆ ಪಾಲಕರ ಸಹಿ. ಹೋಂವರ್ಕ್ ತಡವಾದರೆ ಅಂಕ ಕಡಿತ. ಆವರಣದೊಳಗೆ ಇಂಗ್ಲಿಷೇ ಮಾತಾಡಬೇಕು, ತಪ್ಪಿದರೆ ದಂಡ. ನಿಯಮಗಳ ಬಗ್ಗೆ ನನ್ನ ತಕರಾರಿಲ್ಲ, ಕೊನೆಯದೊಂದನ್ನು ಬಿಟ್ಟು. ನಾಲ್ವತ್ತು ಐವತ್ತು ಹುಡುಗರನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಪಾಠ ಮಾಡಿದವನಿಗೆ ನಿಯಮದ ಬೆಲೆ ಗೊತ್ತು. ನನ್ನ ತಕರಾರು ಬೇರೆ. ಹುಡುಗನಿಗೆ ಭಿನ್ನರಾಶಿ ಬರುತ್ತದೋ ಇಲ್ಲವೋ ಎಂಬುದನ್ನು ಗಣಿತದ ಗ್ರೇಡು ಹೇಳಬೇಕು. ಬೂಟಿಗೆ ಪಾಲಿಶ್ ಆಗಿದೆಯೋ ಇಲ್ಲವೋ ಎಂಬುದೂ ಅದರೊಳಗೇ ಸೇರಿಕೊಂಡರೆ, ಆ ‘ಸಿ’ ಕಂಡು ಮನೆಯವರು ಟ್ಯೂಶನ್ನಿಗೆ ಕಳಿಸಬೇಕೋ, ಪಾಲಿಶ್ ಡಬ್ಬಿ ಕೊಡಿಸಬೇಕೋ?

ನಮ್ಮ ಸರಕಾರದ ಪ್ರಗತಿ ಪತ್ರ, ಅದನ್ನು ಎಷ್ಟೇ ಬೈಯಿರಿ, ಈ ಒಂದು ವಿಷಯದಲ್ಲಿ ಜಾಣತನ ತೋರಿಸಿತ್ತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಂಬ ಬಾಯಿ ತುಂಬುವ ಹೆಸರಿನಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆಗಳು ಬಂದವಲ್ಲ, ಅದರ ಪತ್ರದಲ್ಲಿ ಭಾಗ ‘ಎ’, ಭಾಗ ‘ಬಿ’ ಎಂದು ಎರಡು ಮಾಡಿದರು. ಕಲಿತ ವಿಷಯ ಒಂದು ಕಡೆ; ನಡತೆ, ಆಟ, ಕಲೆ, ಮೌಲ್ಯ ಇನ್ನೊಂದು ಕಡೆ. ಬರೆಯುವವರು ಎರಡನ್ನೂ ಒಂದೇ ಸಲ ಕೂತು ತುಂಬಿಸಿಬಿಡುತ್ತಾರೆ, ಅದು ಬೇರೆ ಮಾತು. ಚಟುವಟಿಕೆಯ ಅಂಕ ಬಂದ ಮೇಲೆ ಥರ್ಮಾಕೋಲಿನ ಜ್ವಾಲಾಮುಖಿ ಮಾಡುವುದನ್ನು ನಮ್ಮೂರ ತಾಯಂದಿರು ಮಾತ್ರ ಚೆನ್ನಾಗಿ ಕಲಿತಿದ್ದಾರೆ.

“ಮೊದ್ಲ ಮಾಸ್ತರು ಎರಡು ಏಟು ಹಾಕಿ ಕೈ ತೊಳಕೋತಿದ್ರು” ಎಂದರು ಅಕ್ಕಾರು. “ಮಾರ್ಕ್ಸಿಗೆ ಕೈ ಹಚ್ಚತಿದ್ದಿಲ್ಲ.”

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಲ್ಲಿಸಿತು, ನಿಲ್ಲಿಸಲೇಬೇಕಿತ್ತು. ಎಂಟನೆಯ ಇಯತ್ತೆಯವರೆಗೆ ನಾಪಾಸು ಮಾಡುವಂತಿಲ್ಲ ಎಂದೂ ಹೇಳಿತು. 2019ರ ತಿದ್ದುಪಡಿ ಐದು ಮತ್ತು ಎಂಟಕ್ಕೆ ಅದನ್ನು ಸಡಿಲಿಸಿತು. 2024ರಲ್ಲಿ ನಮ್ಮ ರಾಜ್ಯ ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಮಾಡಹೋಗಿ, ಅದು ಅರ್ಧಕ್ಕೆ ನಿಂತು, ಮತ್ತೆ ನಡೆದು, ಕೊನೆಗೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಹಾಕಿತು. ಇಷ್ಟೆಲ್ಲ ಎಳೆದಾಟದ ನಡುವೆ ಮಾಸ್ತರರ ಕೈಯಲ್ಲಿ ಉಳಿದದ್ದು ಕೆಂಪು ಪೆನ್ನು ಒಂದೇ. ಬೆತ್ತ ಮಾಡುತ್ತಿದ್ದ ಕೆಲಸವನ್ನು ಈಗ ಅಂಕ ಮಾಡುತ್ತಿದೆ. ಬೆತ್ತದ ಗುರುತು ಎರಡು ದಿನಕ್ಕೆ ಮಾಯುತ್ತಿತ್ತು. ಪ್ರಗತಿ ಪತ್ರವನ್ನು ಮಾತ್ರ ಪಾಲಕರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಇಡುತ್ತಾರೆ.

ಹಳೆಯ ಮುಲ್ಕಿ ಪರೀಕ್ಷೆಯ ಮಾತು ಬಂತು. ಗದಗು ಮುಂಬೈ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಏಳನೆಯದರ ಕೊನೆಗೆ ಅದೊಂದು ಗುಡ್ಡ. ದಾಟಿದವನು ಮಾಸ್ತರಿಕೆಗೇ ಲಾಯಕ್ಕು. ಅಕ್ಕಾರ ಮಾವನವರು ದಾಟಿರಲಿಲ್ಲ. ಆದರೂ ಅವರ ಮಗ್ಗದ ಸೀರೆಗೆ ಯಾರೂ ‘ಬಿ’ ಹಾಕಲಿಲ್ಲ ಎಂದು ಅಕ್ಕಾರು ಬಿಗುಮಾನದಿಂದ ಹೇಳಿದರು.

“ಇಷ್ಟು ತ್ರಾಸು ಇದ್ದರ ಆ ಸಾಲೀನ ಯಾಕ? ನಮ್ಮ ಕನ್ನಡ ಸಾಲಿ ಏನ್ ಕೆಟ್ಟಿತ್ತು?” ಎಂದು ಸುಮ್ಮನೆ ಕೆಣಕಿದೆ.

“ಶಿಸ್ತು ಐತ್ರೀ ಅಲ್ಲಿ!”

ನೋಡಿ, ಇದೇ ಗುಟ್ಟು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಯೇ ಕೇಳಿ, ಶೇಂಗಾ, ಉಳ್ಳಾಗಡ್ಡಿ ಮಾರಿದ ದುಡ್ಡಿನಲ್ಲಿ ಫೀ ಕಟ್ಟುವ ರೈತ ಗ್ರೇಡು ಕೊಳ್ಳಲು ಬಂದಿರುವುದಿಲ್ಲ. ಆ ಬಿಳಿ ಬೂಟನ್ನೇ ಕೊಳ್ಳಲು ಬಂದಿರುತ್ತಾನೆ. ಸಿಸ್ಟರುಗಳಿಗೂ ಇದು ಗೊತ್ತು. ಬೂಟಿಗೆ ಅಂಕ ಕಳೆಯುವುದನ್ನು ಬಿಟ್ಟರೆ ಮೊದಲು ಜಗಳಕ್ಕೆ ಬರುವವರು ಈ ಪಾಲಕರೇ, ಬಾಜೂ ಮನೆಯವರೂ ಸೇರಿ. ಶಾಲೆಯೊಂದನ್ನೇ ದೂರುವುದು ಅದಕ್ಕೇ ನನಗೆ ಸರಿ ಕಾಣುವುದಿಲ್ಲ.

ಶಿಸ್ತಿನ ಜೊತೆ ಬರುವ ಬೇರೆ ಪಜೀತಿಗಳೂ ಇವೆ. ಮಿಶನರಿ ಶಾಲೆಗಳು ಡಿಸೆಂಬರಿನಲ್ಲಿ ಕ್ರಿಸ್ಮಸ್ ರಜೆ ಕೊಡುವುದರಿಂದ ದಸರೆಯ ರಜೆ ಮೊಟಕು. ಅಷ್ಟರ ಮೇಲೆ ಶೀಗೀ ಹುಣ್ಣಿವೆ. ಊರೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೊರಟಾಗ ಒಬ್ಬ ಹುಡುಗ ಟೈ ಕಟ್ಟಿಕೊಂಡು ಬಸ್ಸಿಗೆ ನಿಲ್ಲಬೇಕು. ನಿಲ್ಲಲಿಲ್ಲ, ಹೋಳಿಗೆ ಉಂಡ. ಹೊಟ್ಟೆನೋವು ಎಂದು ಅಜ್ಜಿಯೇ ರಜೆ ಚೀಟಿ ಬರೆಸಿದರು. ನೀತಿಪಾಠದ ಗ್ರೇಡಿನ ಬಗ್ಗೆ ಈಗ ಅವರೇ ಕಣ್ಣು ಕೆಂಪಗೆ ಮಾಡಿಕೊಂಡಿದ್ದಾರೆ.

ಇನ್ನು ಇಂಗ್ಲಿಷ್ ತಪ್ಪಿದರೆ ಹಾಕುವ ಆ ದಂಡದ ವಿಷಯ. ಅದರ ಬೇರು ನಾವಂದುಕೊಂಡದ್ದಕ್ಕಿಂತ ಆಳದಲ್ಲಿದೆ. ಜೆಸ್ವಿತ್ ಪಾದ್ರಿಗಳು 1599ರಲ್ಲಿ ‘ರೇಶಿಯೋ ಸ್ಟುಡಿಯೋರಂ’ ಎಂಬ ಶಾಲಾ ನಿಯಮಾವಳಿ ಹೊರಡಿಸಿದರು. ಹುಡುಗರನ್ನು ಎದುರಾಳಿ ಜೋಡಿ ಮಾಡಿ ಒಬ್ಬರ ತಪ್ಪನ್ನು ಇನ್ನೊಬ್ಬರಿಂದ ಹಿಡಿಸುವುದು, ಪರೀಕ್ಷೆ ಮಾಡಿ ಮೇಲಿನ ತರಗತಿಗೆ ಏರಿಸುವುದು, ಬಹುಮಾನ ಹಂಚುವುದು, ಎಲ್ಲ ಅದರಲ್ಲಿದೆ. ತರಗತಿಯಲ್ಲಿ ಮನೆಮಾತು ಕೂಡದು, ಲ್ಯಾಟಿನ್ನೇ ಆಗಬೇಕು, ಉದಾಸೀನ ಮಾಡಿದವರ ಲೆಕ್ಕ ಇಡಬೇಕು ಎಂದೂ ಇದೆ. ಇಟಲಿ, ಸ್ಪೇನಿನ ಹುಡುಗರೂ ತಮ್ಮ ಮಾತಾಡಿ ಸಿಕ್ಕಿಬಿದ್ದವರೇ. ಲ್ಯಾಟಿನ್ ಜಾಗಕ್ಕೆ ಇಂಗ್ಲಿಷ್ ಬಂದು ಕೂತಿತು, ಅಷ್ಟೆ. ನಮ್ಮ ಬೆಟಗೇರಿಗೆ 1840ರ ದಶಕದಲ್ಲೇ ಬಂದ ಬಾಸೆಲ್ ಮಿಶನ್ನಿನವರು, ಅವರು ಪ್ರಾಟೆಸ್ಟಂಟರು, ತಾವೇ ಕನ್ನಡ ಕಲಿತು ಕನ್ನಡದಲ್ಲೇ ಶಾಲೆ ನಡೆಸಿದರು. ಕ್ರೈಸ್ತ ಶಾಲೆ ಎಂದರೆ ಇಂಗ್ಲಿಷೇ ಆಗಬೇಕೆಂಬ ಶಾಸ್ತ್ರ ಈ ಮಣ್ಣಿನಲ್ಲಿ ಇರಲಿಲ್ಲ.

ಇದನ್ನೆಲ್ಲ ಅಕ್ಕಾರಿಗೆ ಹೇಳಿದೆ. ಅವರ ಗಮನ ಅರ್ಧ ನನ್ನ ಕಡೆ, ಅರ್ಧ ಒಲೆಯ ಮೇಲಿನ ಹಾಲಿನ ಕಡೆ.

“ಶನಿವಾರ ಪಾಲಕರ ಸಭಾ ಐತಿ. ಅವ್ವಗೂ ಅಪ್ಪಗೂ ಸವಡಿಲ್ಲ, ನಾನ ಹೋಗ್ತೀನಿ. ರಟ್ಟಿನ ಅಂಕ ರಟ್ಟಿಗೆ, ಬುದ್ಧಿ ಅಂಕ ಬುದ್ಧಿಗೆ ಬ್ಯಾರೆ ಬ್ಯಾರೆ ಹಾಕ್ರಿ ಅಂತ ಸಿಸ್ಟರಿಗೆ ಕೇಳೂದ ಕೇಳೂದು.”

“ಕೇಳ್ರಿ ಅಕ್ಕಾರ. ಚೊಲೋ ಪ್ರಶ್ನಿ.”

“ಕೇಳ್ತೀನಿ. ಆದ್ರ ಒಂದು ಮಾತು ಮೊದ್ಲ ಹೇಳ್ರಿ. ನಾ ಕನ್ನಡದಾಗ ಕೇಳಿದ್ರ, ದಂಡ ನನಗ ಹಾಕ್ತಾರೋ, ಹುಡುಗನ ಡೈರಿಯೊಳಗ ಬರೀತಾರೋ?”